ಪರದೇಶಕ್ಕೆ ಹೊರಟವರ ವಿಳಾಸ

ಕಳೆದ ನಾಲ್ಕೈದು ಭಾನುವಾರಗಳಿಂದ ಡೊಂಬಿವಿಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟವೊಂದನ್ನು ಬಿಟ್ಟು ಬೇರೆಲ್ಲವೂ ಇದೆ. ಪಾಸ್‌ಪೋರ್ಟುಗಳು, ಅವುಗಳ ಜೆರಾಕ್ಸು, ಬಿಳಿ ಹಿನ್ನೆಲೆಯ ಫೋಟೊಗಳು (ನನ್ನದನ್ನು ನೋಡಿದರೆ ಯಾವ ದೇಶವೂ ಒಳಗೆ ಬಿಡುವ ಹಾಗೆ ಕಾಣುವುದಿಲ್ಲ), ಆದಾಯ ತೆರಿಗೆಯ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟು. ಮಗಳು ನೆದರ್ಲೆಂಡಿನ ಐಂಡ್‌ಹೋವನ್ ಎಂಬ ಊರಿನಲ್ಲಿದ್ದಾಳೆ. ಹೋದರೆ ಐದು ತಿಂಗಳಾದರೂ ಇದ್ದು ಬರಬೇಕು ಅಂತ ನನ್ನಾಕೆಯ ಆಸೆ. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ದುಡಿದು ಕೂಡಿಟ್ಟ ರಜೆ ನನ್ನ ಲೆಕ್ಕದಲ್ಲಿ ಬೇಕಾದಷ್ಟಿದೆ. ಆದರೆ ನಿಯಮ ನಮ್ಮ ಆಸೆಯನ್ನು ಕೇಳಿ ಮಾಡಿದ್ದಲ್ಲವಲ್ಲ. ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ತೊಂಬತ್ತೊಂದನೆಯ ದಿನ ಮಗಳ ಮನೆಯಲ್ಲಿ ಎದ್ದರೂ ನಾವು ಅಪರಾಧಿಗಳೇ.

ಫಾರಂ ತುಂಬಲು ಕುಳಿತಾಗ ಒಂದು ವಿಷಯ ಗಮನಕ್ಕೆ ಬಂತು. ಎಷ್ಟು ಪುಟ ಇದ್ದರೂ ಅದು ಕೇಳುವುದು ಮೂರೇ ಪ್ರಶ್ನೆ. ಎಲ್ಲಿ ಉಳಿಯುತ್ತೀರಿ? ಖರ್ಚು ಯಾರದ್ದು? ವಾಪಸು ಹೋಗುತ್ತೀರೋ ಇಲ್ಲವೋ? ಬ್ಯಾಂಕಿನ ಕೌಂಟರಿನ ಈಚೆ ಕುಳಿತು ಜೀವಮಾನವಿಡೀ ಇಂಥದೇ ಪ್ರಶ್ನೆಗಳನ್ನು ಜನರಿಗೆ ಕೇಳಿದವನು ನಾನು. ಹಾಗಾಗಿ ಈ ಪ್ರಶ್ನೆಗಳು ಎಷ್ಟು ಹಳೆಯವು ಅಂತ ಹುಡುಕುವ ಚಟ ಹತ್ತಿತು. ಹುಡುಕುತ್ತ ಹೋದವನು ಎಲ್ಲಿಗೋ ದೂರ ಹೋಗಲಿಲ್ಲ, ಲೋಕಲ್ ರೈಲಿನಲ್ಲಿ ಎರಡು ಸ್ಟೇಷನ್ ಆಚೆ ಕಲ್ಯಾಣಕ್ಕೇ ಬಂದು ನಿಂತೆ!

ಕಲ್ಯಾಣ ಅಂದರೆ ಕನ್ನಡಿಗರಿಗೆ ಬಸವಣ್ಣನವರ ಕಲ್ಯಾಣವೇ ನೆನಪಾಗುವುದು. ಇದು ಬೇರೆ. ಉಲ್ಹಾಸ್ ನದಿಯ ಮೇಲಿರುವ ನಮ್ಮ ಈ ಕಲ್ಯಾಣ ಒಂದು ಕಾಲದಲ್ಲಿ ಪರದೇಶದ ಹಡಗುಗಳು ಬರುತ್ತಿದ್ದ ಬಂದರು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಹೆಸರು ಗೊತ್ತಿಲ್ಲದ ಒಬ್ಬ ಗ್ರೀಕ್ ವ್ಯಾಪಾರಿ ಅರಬ್ಬೀ ಸಮುದ್ರದ ಬಂದರುಗಳ ಬಗ್ಗೆ ಒಂದು ಕೈಪಿಡಿ ಬರೆದಿಟ್ಟಿದ್ದಾನೆ, ಪೆರಿಪ್ಲಸ್ ಅಂತ. ಅದರಲ್ಲಿ ನಮ್ಮ ಕಲ್ಯಾಣ 'ಕಲ್ಲಿಯೇನ'. ಹಿರಿಯ ಸರಗನಸ್‌ನ ಕಾಲದಲ್ಲಿ ಅದು ನಿಯಮಬದ್ಧ ಪೇಟೆಯಾಗಿತ್ತಂತೆ. (ಈ ಸರಗನಸ್ ಶಾತವಾಹನರ ಒಬ್ಬ ಶಾತಕರ್ಣಿ ಅನ್ನುತ್ತಾರೆ ವಿದ್ವಾಂಸರು.) ಆಮೇಲೆ ಊರು ಇನ್ನೊಬ್ಬನ ಕೈಗೆ ಹೋಯಿತು, ಅಡೆತಡೆ ಶುರುವಾಯಿತು. ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಭರೂಚ್‌ಗೆ ಕರೆದೊಯ್ಯುವುದೂ ಉಂಟು ಎಂದು ಆತ ತನ್ನವರನ್ನು ಎಚ್ಚರಿಸುತ್ತಾನೆ. ಅಂದರೆ ಎರಡು ಸಾವಿರ ವರ್ಷದ ಹಿಂದೆ ಕಲ್ಯಾಣದಲ್ಲಿ 'ಪ್ರವೇಶವಿಲ್ಲ' ಎಂಬ ಬೋರ್ಡು ಬಿದ್ದಿತ್ತು! ಇಂದು ಕಲ್ಯಾಣ ಸ್ಟೇಷನ್ನಿನ ಸಂಜೆಯ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡವರಿಗೆ ಆ ಬೋರ್ಡು ಇನ್ನೂ ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಬಹುದು.

ಇನ್ನು ವಸತಿಯ ವಿಚಾರ. ಠಾಣೆಗೂ ಬೊರಿವಲಿಗೂ ನಡುವಿನ ಕಾಡಿನಲ್ಲಿ ಕಾನ್ಹೇರಿ ಗುಹೆಗಳಿವೆಯಲ್ಲ, ಅಲ್ಲಿ ಒಂದು ಶಾಸನವಿದೆ. ಶಕ 775, ಅಂದರೆ ಸುಮಾರು ಕ್ರಿ.ಶ. 853. ಆಗ ಉತ್ತರ ಕೊಂಕಣವನ್ನು ಶಿಲಾಹಾರರು ಆಳುತ್ತಿದ್ದರು. ಅವರ ಒಡೆಯ ಬೇರೆ ಯಾರೂ ಅಲ್ಲ, ನಮ್ಮ ರಾಷ್ಟ್ರಕೂಟ ಅಮೋಘವರ್ಷ, ಕವಿರಾಜಮಾರ್ಗದ ಅಮೋಘವರ್ಷ. ಠಾಣೆ ಜಿಲ್ಲೆಗೆ ಕನ್ನಡಿಗರು ನಿನ್ನೆ ಮೊನ್ನೆ ಹೋಟೆಲ್ ಇಡಲು ಬಂದವರು ಅಂತ ಯಾರಾದರೂ ಅಂದರೆ ಈ ಶಾಸನ ತೋರಿಸಬಹುದು. ಶಾಸನದ ವಿಷಯ ಇಷ್ಟು: ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ, ಬಂದ ಅವಿಘ್ನಾಕರ ಎಂಬ ಬೌದ್ಧ ಉಪಾಸಕ ಅಲ್ಲಿನ ಭಿಕ್ಷುಗಳಿಗೆ ಧ್ಯಾನಕ್ಕೆ ತಕ್ಕ ಕೋಣೆಗಳನ್ನು ಕಟ್ಟಿಸಿ, ನೂರು ದ್ರಮ್ಮಗಳನ್ನು ಶಾಶ್ವತ ನಿಧಿಯಾಗಿ ಇಟ್ಟ. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿ ಮಾತ್ರ ಬಳಸಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಫಿಕ್ಸೆಡ್ ಡಿಪಾಸಿಟ್. ಬಂಗಾಳದಿಂದ ಕೊಂಕಣಕ್ಕೆ ನಡೆದು ಬಂದವನನ್ನು ದಾರಿಯಲ್ಲಿ ಯಾರು ಏನು ಕೇಳಿದರೋ. ಆದರೆ ಬಂದ ಊರಿನಲ್ಲಿ ಉಳಿಯುವ ಕೋಣೆಯನ್ನು ಅವನೇ ಕಟ್ಟಿಸಿ, ದುಡ್ಡೂ ಇಟ್ಟ ಎಂಬುದು ಕಲ್ಲಿನಲ್ಲಿ ಉಳಿದಿದೆ. ಎಲ್ಲಿ ಉಳಿಯುತ್ತೀರಿ, ಖರ್ಚು ಯಾರದ್ದು ಎಂಬ ಎರಡೂ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಯಾವ ವೀಸಾ ಅರ್ಜಿಯಲ್ಲೂ ಇರಲಾರದು.

ಈಗ ನಾವು ಹಿಡಿದುಕೊಂಡು ಓಡಾಡುವ ಪುಸ್ತಕರೂಪದ ಪಾಸ್‌ಪೋರ್ಟು ಇಷ್ಟೆಲ್ಲ ಹಳೆಯದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗೂಢಚಾರರ ಭಯಕ್ಕೆ ದೇಶಗಳು ಗಡಿಯಲ್ಲಿ ಕಾಗದ ಕೇಳತೊಡಗಿದವು. ಯುದ್ಧ ಮುಗಿಯಿತು, ಕಾಗದ ಉಳಿಯಿತು. 1920ರ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ಲೀಗ್ ಆಫ್ ನೇಷನ್ಸ್ ಕರೆದ ಸಮ್ಮೇಳನ ಎಲ್ಲ ದೇಶಗಳಿಗೂ ಒಂದೇ ನಮೂನೆಯ 32 ಪುಟದ ಪುಸ್ತಕ ಇರಲಿ ಅಂತ ಸೂಚಿಸಿತು. ಮುಂದೊಂದು ದಿನ ಪಾಸ್‌ಪೋರ್ಟೇ ಬೇಡದ ಕಾಲ ಬರುತ್ತದೆ ಎಂಬ ಆಶೆಯೂ ಅಲ್ಲಿ ಸೇರಿದವರಿಗೆ ಇತ್ತು. ಪಾಪ. ಅದೇ 1920ರಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯಾದೊಳಗೆ ಬರುವವರ ಮೇಲೆ ಪಾಸ್‌ಪೋರ್ಟ್ ಕಾಯ್ದೆ ಮಾಡಿತು.

ಗಮನಿಸಿ, ಅದು ಒಳಗೆ ಬರುವವರಿಗೆ. ಹೊರಗೆ ಹೋಗುವ ಭಾರತೀಯನಿಗೆ ಪಾಸ್‌ಪೋರ್ಟ್ ಕೊಡಲೇಬೇಕು ಅಂತ ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವಾದರೂ ಯಾವ ಕಾನೂನೂ ಇರಲಿಲ್ಲ. ಕೊಟ್ಟರೆ ಕೃಪೆ, ಕೊಡದಿದ್ದರೆ ಮರ್ಜಿ. ಕೊಟ್ಟರೂ ಯಾವ ಯಾವ ದೇಶಕ್ಕೆ ಹೋಗಬಹುದು ಅಂತ ಒಳಗೆ ಬರೆದುಕೊಡುತ್ತಿದ್ದರು. ಈ ಮರ್ಜಿಯನ್ನು ಪ್ರಶ್ನಿಸಿದವರಲ್ಲಿ ನಮ್ಮ ಕಡೆಯವರೂ ಇದ್ದಾರೆ ಎಂಬುದು ಎಷ್ಟು ಜನರಿಗೆ ಗೊತ್ತೋ. 1965ರಲ್ಲಿ ಡಾ. ಎಸ್. ಎಸ್. ಸದಾಶಿವ ರಾವ್ ಪ್ರಕರಣದಲ್ಲಿ ಮೈಸೂರು ಹೈಕೋರ್ಟು ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ಹೇಳಿತು. ಕೇರಳ, ಮುಂಬಯಿ ಹೈಕೋರ್ಟುಗಳೂ ಅದೇ ದಾರಿ ಹಿಡಿದವು. ದೆಹಲಿಯದ್ದು ಮಾತ್ರ ಬೇರೆ ದಾರಿ. ಕೊನೆಗೆ 1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಐವರಲ್ಲಿ ಮೂವರ ಬಹುಮತದಿಂದ, ಕಾನೂನಿಲ್ಲದೆ ಯಾರ ಪಾಸ್‌ಪೋರ್ಟನ್ನೂ ನಿರಾಕರಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಸರ್ಕಾರ ಗಡಿಬಿಡಿಯಲ್ಲಿ ಮೊದಲು ಸುಗ್ರೀವಾಜ್ಞೆ ತಂದು, ಜೂನ್ 24ಕ್ಕೆ ಪಾಸ್‌ಪೋರ್ಟ್ ಕಾಯ್ದೆ ಮಾಡಿತು. ಇಂದಿಗೂ ನಡೆಯುತ್ತಿರುವುದು ಅದೇ 1967ರ ಕಾಯ್ದೆ. 1978ರ ಜನವರಿ 25ರ ಮೇನಕಾ ಗಾಂಧಿ ತೀರ್ಪು ಅದನ್ನು ಇನ್ನೂ ಬಿಗಿಮಾಡಿತು. ಸುಮ್ಮನೆ ಕಾಯ್ದೆ ಇದ್ದರೆ ಸಾಲದು, ಅದು ನಡೆಯುವ ರೀತಿಯೂ ನ್ಯಾಯವಾಗಿರಬೇಕು ಎಂದಿತು.

ಹೈಕೋರ್ಟು ಸುಪ್ರೀಂಕೋರ್ಟುಗಳ ಮಾತು ಇಲ್ಲಿಗೆ ಸಾಕು. ಏಕೆಂದರೆ ಹಕ್ಕು ದೆಹಲಿಯಲ್ಲಿ ಸಿಕ್ಕಿದ ಮಾತ್ರಕ್ಕೆ ಪಾಸ್‌ಪೋರ್ಟು ಡೊಂಬಿವಿಲಿಯಲ್ಲಿ ಸಿಗುವುದಿಲ್ಲ. ನಡುವೆ ನನ್ನಂಥವರು ಕೂತಿರುತ್ತೇವೆ. ಈ ಕಥೆ ಹೇಳಲೇಬೇಕು.

ನಾನು ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ರಾತ್ರಿ ಬಸ್ಸು ಹತ್ತಿ ಮುಂಬಯಿಗೆ ಬಂದವನು. (ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ.) ಬಂದಾಗ ಡೊಂಬಿವಿಲಿಯಲ್ಲಿ ಮಾವನ ಖೋಲಿಯೇ ಆಶ್ರಯ. ಹತ್ತು ಅಡಿ ಹನ್ನೆರಡು ಅಡಿಯ ಆ ಖೋಲಿಯ ವಿಳಾಸ ಆರೇಳು ಜನರ ವಿಳಾಸವಾಗಿತ್ತು. 'ಕೇರ್ ಆಫ್' ಎಂಬ ಎರಡು ಶಬ್ದ ಇಲ್ಲದಿದ್ದರೆ ಮುಂಬಯಿಯ ಅರ್ಧ ಕನ್ನಡಿಗರಿಗೆ ಊರಿನಿಂದ ಕಾಗದವೇ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ದುಡಿದು ಅಲ್ಲೇ ಮೇಜಿನ ಮೇಲೆ ಮಲಗಿ ರಾತ್ರಿಶಾಲೆ ಓದಿದ ನಮ್ಮ ಹಿರಿಯರಿಗೆ ಹೋಟೆಲೇ ವಿಳಾಸ. ರೇಷನ್ ಕಾರ್ಡಿನಲ್ಲಿ ಹೆಸರು ಮಾತ್ರ ಊರಿನಲ್ಲೇ. ತೆಗೆಸಿದರೆ ಅಲ್ಲಿ ಅಮ್ಮನಿಗೆ ಸಕ್ಕರೆ, ಸೀಮೆಎಣ್ಣೆ ಕಡಿಮೆಯಾಗುತ್ತದಲ್ಲ!

1996. ನಾನು ಡೊಂಬಿವಿಲಿಯ ಒಂದು ಶಾಖೆಯಲ್ಲಿ ಹೊಸ ಆಫೀಸರ್. ಪ್ರೊಬೇಷನ್ ಮುಗಿದು ಸಹಿ ಹಾಕುವ ಅಧಿಕಾರ ಬಂದು ಕೆಲವೇ ತಿಂಗಳು. ಒಂದು ದಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಬಂದರು. ನಮ್ಮ ತಾಲೂಕಿನವರೇ. ಮಗಳು ಅಮೆರಿಕದಲ್ಲಿ, ಚೊಚ್ಚಲ ಹೆರಿಗೆ. ಗಂಡ ಹೆಂಡತಿ ಇಬ್ಬರೂ ಹೋಗಿ ಆರು ತಿಂಗಳು ಇದ್ದು ಬಾಣಂತನ ಮಾಡಿ ಬರಬೇಕು. ಪಾಸ್‌ಪೋರ್ಟಿಗೆ ವಿಳಾಸದ ಪುರಾವೆ ಬೇಕು. ರೇಷನ್ ಕಾರ್ಡು ಊರಿನಲ್ಲಿದೆ. ಲೈಟ್ ಬಿಲ್ಲು ಇನ್ನೂ ಬಿಲ್ಡರನ ಹೆಸರಿನಲ್ಲಿ, ಏಕೆಂದರೆ ಕಟ್ಟಡಕ್ಕೆ ಪೂರ್ಣತಾ ಪತ್ರವೇ ಸಿಕ್ಕಿಲ್ಲ, ಸೊಸೈಟಿ ರಿಜಿಸ್ಟರ್ ಆಗಿಲ್ಲ. ಟೆಲಿಫೋನು ಇಲ್ಲ. ಚುನಾವಣೆಯ ಗುರುತು ಚೀಟಿ ಆಗಷ್ಟೇ ಬರತೊಡಗಿತ್ತು, ಅವರಿಗೆ ಬಂದಿರಲಿಲ್ಲ. ಉಳಿದದ್ದು ಬ್ಯಾಂಕ್ ಖಾತೆ. "ಇಂಥವರು ಇಂಥ ವಿಳಾಸದಲ್ಲಿ ಇದ್ದಾರೆ, ಇಷ್ಟು ವರ್ಷದಿಂದ ಖಾತೆ ನಡೆಸುತ್ತಿದ್ದಾರೆ ಅಂತ ಒಂದು ಪತ್ರ ಕೊಡಿ" ಅಂದರು.

ಲೆಜರ್ ತೆಗೆದು ನೋಡಿದೆ. ಖಾತೆಯಲ್ಲಿದ್ದದ್ದು ಹಳೇ ವಿಳಾಸ, ಯಾರದೋ ಕೇರ್ ಆಫ್. ವಿಳಾಸ ಬದಲಾಯಿಸಬೇಕಾದರೆ ಹೊಸ ವಿಳಾಸದ ಪುರಾವೆ ಕೊಡಿ ಅಂದೆ. "ಅದಕ್ಕೇ ಅಲ್ವೇನಯ್ಯ ನಿನ್ನ ಹತ್ತಿರ ಬಂದದ್ದು" ಅಂದರು ಮೇಷ್ಟ್ರು. ನಾನು ಒಪ್ಪಲಿಲ್ಲ. ಊರಿನವರಿಗೆ ಬಿಟ್ಟುಕೊಟ್ಟ ಎಂದು ಯಾರಾದರೂ ಅಂದಾರು ಎಂಬ ಭಯ ನನ್ನನ್ನು ಇನ್ನಷ್ಟು ಬಿಗಿ ಮಾಡಿತ್ತು. ಮೂರು ಸಲ ಬಂದರು. ಮೂರನೆಯ ಸಲ ಅವರ ಹೆಂಡತಿಯೂ ಬಂದಿದ್ದರು, ಕೌಂಟರಿನ ಪಕ್ಕದ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಮೂರು ಸಲವೂ ನಿಯಮ ಹೇಳಿ ಕಳಿಸಿದೆ.

ಅವರು ಊರಿಗೆ ಹೋದರು. ತಾಲೂಕು ಕಚೇರಿಯಲ್ಲಿ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿ, ಆ ಕಾಗದ ತಂದು ಇಲ್ಲಿ ಹೊಸ ಕಾರ್ಡಿಗೆ ಅರ್ಜಿ ಹಾಕಿ, ಅದು ಬಂದ ಮೇಲೆ ಪಾಸ್‌ಪೋರ್ಟಿಗೆ ಕೊಟ್ಟು, ಪೊಲೀಸ್ ವಿಚಾರಣೆಯಾಗಿ, ಪುಸ್ತಕ ಕೈಗೆ ಬರುವಾಗ 1997. ಮಗು ಅಷ್ಟು ಹೊತ್ತಿಗೆ ಮಗುಚಿ ತೆವಳುತ್ತಿತ್ತು. ಬಾಣಂತನವನ್ನು ಅಲ್ಲಿಯ ಯಾರೋ ಪರಿಚಯದವರು ಮಾಡಿದರಂತೆ. ಬರುವ ವರ್ಷ ಹೋಗೋಣ ಅಂದುಕೊಂಡರು. ಬರುವ ವರ್ಷ ಆಕೆಗೆ ಉಬ್ಬಸ ಜೋರಾಯಿತು. ಆಮೇಲೆ ಇನ್ನೊಂದು ಕಾರಣ.

ಮೇಷ್ಟ್ರ ಮನೆ ನಮ್ಮ ಶಾಖೆಯಿಂದ ಹತ್ತು ನಿಮಿಷದ ದಾರಿ. ಸಂಜೆ ಮನೆಗೆ ಹೋಗುವಾಗ ಒಮ್ಮೆ ಅವರ ಬಾಗಿಲು ತಟ್ಟಿ, ಒಂದು ಲೋಟ ಚಹಾ ಕುಡಿದು, ನೋಡಿದ್ದೇನೆ ಅಂತ ಬರೆದು ಸಹಿ ಹಾಕಬಹುದಿತ್ತು. ಅಧಿಕಾರಿ ಖುದ್ದಾಗಿ ಹೋಗಿ ಪರಿಶೀಲಿಸಿ ವಿಳಾಸ ದಾಖಲಿಸಬಹುದು ಎಂದು ನಮ್ಮ ಮ್ಯಾನುವಲ್‌ನಲ್ಲೇ ಇತ್ತು. ಪ್ರಮೋಷನ್ ಪರೀಕ್ಷೆಗೆ ಓದುವಾಗ ಅದು ನನ್ನ ಕಣ್ಣಿಗೆ ಬಿತ್ತು, ಎರಡು ವರ್ಷ ತಡವಾಗಿ.

2007ರಲ್ಲಿ ನಾನು ಮತ್ತೆ ಡೊಂಬಿವಿಲಿಗೆ ವರ್ಗವಾಗಿ ಬಂದಿದ್ದೆ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ ಬಂದು ಹಳೇ ಗ್ರಾಹಕರಿಂದಲೂ ಗುರುತಿನ ಕಾಗದ ಕೇಳುತ್ತಿದ್ದ ಕಾಲ. ಮೇಷ್ಟ್ರು ಬಂದರು. ಪ್ಲಾಸ್ಟಿಕ್ ಚೀಲದಿಂದ ಎರಡು ಪಾಸ್‌ಪೋರ್ಟ್ ತೆಗೆದಿಟ್ಟರು, ತಮ್ಮದು ಮತ್ತು ಹೆಂಡತಿಯದು. ಆಕೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಆದರೂ ಎರಡನ್ನೂ ಒಟ್ಟಿಗೇ ಇಟ್ಟಿದ್ದರು. ನಾನು ತೆರೆದು ನೋಡಿದೆ. ಹತ್ತು ವರ್ಷದ ಅವಧಿ ಮುಗಿದು ಎರಡು ತಿಂಗಳಾಗಿತ್ತು, ಪುರಾವೆಗೆ ನಡೆಯುವುದಿಲ್ಲ! ಪುಟ ತಿರುವಿದೆ, ಒಂದು ಮುದ್ರೆಯೂ ಇಲ್ಲ. "ಎಲ್ಲ ಪುಟ ಖಾಲಿ ಮಾರಾಯ, ಮಕ್ಕಳಿಗೆ ಶುದ್ಧಬರಹ ಬರೆಸಬಹುದು" ಎಂದು ಮೇಷ್ಟ್ರು ನಕ್ಕರು. 1996ರ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಸಂಜೆ ಅವರ ಮನೆಗೆ ಹೋಗಿ ಚಹಾ ಕುಡಿದು ಬಂದು ಫಾರಂನಲ್ಲಿ ಬರೆದು ಸಹಿ ಹಾಕಿದೆ.

ಅವರ ಕಟ್ಟಡದಂಥವು ಈ ಕಡೆ ಈಗಲೂ ಕಡಿಮೆಯಿಲ್ಲ. 2024ರ ನವೆಂಬರಿನಲ್ಲಿ ಮುಂಬಯಿ ಹೈಕೋರ್ಟು ಕಲ್ಯಾಣ-ಡೊಂಬಿವಿಲಿ ಪಾಲಿಕೆಯ ನಕಲಿ ಅನುಮತಿ ಪತ್ರ ತೋರಿಸಿ ರೇರಾ ನೋಂದಣಿ ಮಾಡಿಸಿಕೊಂಡಿದ್ದ ಕಟ್ಟಡಗಳನ್ನು ಕೆಡವಲು ಹೇಳಿತು. ಅಂಥವು 65 ಎಂದು ಪತ್ರಿಕೆಗಳಲ್ಲಿ ಬಂತು. ಸಾಲ ಮಾಡಿ ಮನೆ ಕೊಂಡವರ ಆಧಾರ್ ಕಾರ್ಡಿನಲ್ಲಿ, ಪಾಸ್‌ಪೋರ್ಟಿನಲ್ಲಿ ಅದೇ ವಿಳಾಸವಿದೆ. ಕಾಗದದಲ್ಲಿ ವಿಳಾಸ ಗಟ್ಟಿ, ಮನೆ ಮಾತ್ರ ನಾಳೆ ಇರುತ್ತದೋ ಇಲ್ಲವೋ. ಮೇಷ್ಟ್ರದು ತಿರುಗುಮುರುಗು, ಮನೆ ಇತ್ತು, ಕಾಗದ ಇರಲಿಲ್ಲ.

ಪಾಸ್‌ಪೋರ್ಟ್ ಪಡೆಯುವುದು ಈಗ ಸುಲಭವಾಗಿದೆ, ಒಪ್ಪಿಕೊಳ್ಳಬೇಕು. ಇದರ ಮೊದಲ ಪ್ರಯೋಗಗಳು ನಮ್ಮ ಕರ್ನಾಟಕದಲ್ಲೇ ಆದದ್ದು. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಮೊದಲು ತೆರೆದ ಊರುಗಳಲ್ಲಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಇದ್ದವು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಎಂಬ ಯೋಜನೆ 2017ರ ಜನವರಿ 25ರಂದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಶುರುವಾಯಿತು. (ಮೇನಕಾ ಗಾಂಧಿ ತೀರ್ಪಿನ ತಾರೀಖೂ ಜನವರಿ 25. ಕಾಕತಾಳೀಯ ಇರಬೇಕು.) ನನ್ನ ಮೊದಲ ಪಾಸ್‌ಪೋರ್ಟಿಗೆ 2005ರಲ್ಲಿ ಠಾಣೆಯ ವಾಗ್ಳೆ ಎಸ್ಟೇಟಿನ ಕಚೇರಿಯೆದುರು ಬೆಳಗಿನ ಜಾವದಿಂದ ಕ್ಯೂ ನಿಂತಿದ್ದೆ. ಕಳೆದ ಸಲ ಅದೇ ವಾಗ್ಳೆ ಎಸ್ಟೇಟಿನ ಸೇವಾ ಕೇಂದ್ರದಲ್ಲಿ ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿ ವಡಾಪಾವ್ ತಿಂದು ಬಂದೆ.

ಖರ್ಚಿನ ಪ್ರಶ್ನೆಗೆ ಬರೋಣ, ಇದು ನನ್ನ ಕಸುಬು. 1960ರ ದಶಕದಲ್ಲಿ ಅಮೆರಿಕಕ್ಕೆ ಹೋದವರು ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ಇಳಿದೆವು ಅಂತ ಈಗಲೂ ಹೇಳುತ್ತಾರೆ. ಆಗ ನಮ್ಮ ಬಳಿ ರೂಪಾಯಿ ಎಷ್ಟಿದ್ದರೂ ಅದು ಡಾಲರ್ ಆಗುತ್ತಿರಲಿಲ್ಲ. ವಿದೇಶದ ಟಿಕೆಟ್ ಕೊಳ್ಳಲೂ 'ಪಿ ಫಾರಂ' ಎಂಬ ಅನುಮತಿ ಬೇಕು. ಅಲ್ಲಿ ಯಾರ ಮನೆಯಲ್ಲಿ ಇರುತ್ತೀರಿ, ಊಟ ಯಾರು ಹಾಕುತ್ತಾರೆ ಎಂಬುದನ್ನು ಕೇಳುತ್ತಿದ್ದವರು ಪರದೇಶದವರಲ್ಲ, ನಮ್ಮವರೇ! ವಿದೇಶೀ ವಿನಿಮಯ ಖರ್ಚಾಗಬಾರದು ನೋಡಿ. 1973ರಲ್ಲಿ ಫೆರಾ ಕಾಯ್ದೆ ಅದನ್ನು ಇನ್ನೂ ಬಿಗಿ ಮಾಡಿತು. ನಾನು ಬ್ಯಾಂಕಿಗೆ ಸೇರುವ ಹೊತ್ತಿಗೆ ದೇಶದ ಗತಿ ಹೇಗಿತ್ತೆಂದರೆ 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸಿ ಅಡವಿಟ್ಟಿತು. ಮನೆಯ ಬಂಗಾರ ಅಡವಿಟ್ಟವನಿಗೆ ಮಾತ್ರ ಗೊತ್ತು ಆ ಮುಜುಗರ.

ಅಲ್ಲಿಂದ ಚಕ್ರ ತಿರುಗಿತು. 2000ದ ಜೂನಿನಲ್ಲಿ ಫೆರಾ ಹೋಗಿ ಫೆಮಾ ಬಂತು. 2004ರ ಫೆಬ್ರವರಿಯಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದು ಎಂಬ ಯೋಜನೆ ಬಂದಾಗ ನಮ್ಮ ಹಳೇ ಮ್ಯಾನೇಜರರು ಸುತ್ತೋಲೆಯನ್ನು ಎರಡು ಸಲ ಓದಿದರು, ಸೊನ್ನೆ ಜಾಸ್ತಿ ಬಿದ್ದಿದೆಯೋ ಎಂದು. 2015ರಲ್ಲಿ ಅದು 2,50,000 ಡಾಲರ್ ಆಯಿತು, ಪ್ರವಾಸದ ಖರ್ಚೂ ಅದರೊಳಗೇ ಸೇರಿತು. ಈಗ ನಮ್ಮ ಸರ್ಕಾರ ತಡೆಯುವುದಿಲ್ಲ, ಲೆಕ್ಕ ಇಡುತ್ತದೆ ಅಷ್ಟೆ. ಇಂತಿಷ್ಟಕ್ಕಿಂತ ಹೆಚ್ಚು ಕಳಿಸಿದರೆ ಮುಂಗಡ ತೆರಿಗೆ ಹಿಡಿಯುವ ನಿಯಮ 2020ರ ಅಕ್ಟೋಬರಿನಿಂದ ಇದೆ. ಆ ಮಿತಿಯನ್ನು 2025ರ ಏಪ್ರಿಲ್‌ನಿಂದ ಏಳು ಲಕ್ಷದಿಂದ ಹತ್ತು ಲಕ್ಷಕ್ಕೆ ಏರಿಸಿದರು. ಹಿಡಿದದ್ದನ್ನು ರಿಟರ್ನಿನಲ್ಲಿ ವಾಪಸು ಕೇಳಬಹುದು, ಮರೆಯಬೇಡಿ.

ನಮ್ಮ ಕಡೆ ಬಾಗಿಲು ತೆರೆಯುತ್ತ ಬಂದ ಹಾಗೇ ಆ ಕಡೆಯ ಬಾಗಿಲಿಗೆ ಚಿಲಕ ಬೀಳುತ್ತ ಬಂತು. ಇಂಗ್ಲೆಂಡಿಗೆ ಹೋಗುವ ಭಾರತೀಯ ಪ್ರವಾಸಿಗೆ ವೀಸಾ ಕಡ್ಡಾಯವಾದದ್ದು 1986ರಲ್ಲಿ ಎಂದರೆ ಇಂದಿನ ಹುಡುಗರು ನಂಬುವುದಿಲ್ಲ. ಅಮೆರಿಕದ್ದು 1952ರ ಕಾಯ್ದೆ. ಅರ್ಜಿ ಹಾಕಿದವನು ಅಲ್ಲೇ ನೆಲೆಸಲು ಬಂದವನು ಎಂದು ಮೊದಲೇ ಭಾವಿಸಿಕೊಳ್ಳಬೇಕು, ಅಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರನದ್ದು. ಮಕ್ಕಳನ್ನು ನೋಡಲು ಹೊರಟ ಅಪ್ಪ ಅಮ್ಮಂದಿರು ಊರಿನ ತೋಟದ ಪಹಣಿಯನ್ನೂ ಫೈಲಿನಲ್ಲಿಟ್ಟುಕೊಂಡು ಬ್ರೀಚ್ ಕ್ಯಾಂಡಿಯ ಕಾನ್ಸುಲೇಟಿನ ಎದುರು ನಿಲ್ಲುತ್ತಿದ್ದದ್ದು ಇದಕ್ಕೇ. 2011ರಲ್ಲಿ ಅದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಹೋಯಿತು. ನಮ್ಮ ಗೊರೂರರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅಮೆರಿಕ ನೋಡಿ ಬಂದು ಬರೆದ ಪ್ರವಾಸಕಥನಕ್ಕೆ 1980ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತಲ್ಲ, ಅದನ್ನು ಓದಿಯೇ ಎಷ್ಟೋ ತಂದೆತಾಯಂದಿರಿಗೆ ಹೋಗುವ ಧೈರ್ಯ ಬಂದಿರಬೇಕು.

ಯುರೋಪಿನ ಕಥೆ ಸ್ವಲ್ಪ ಬೇರೆ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯಲ್ಲಿ, ಮೊಸೆಲ್ ನದಿಯ ಮೇಲೆ ನಿಂತ ಒಂದು ದೋಣಿಯಲ್ಲಿ, ಐದು ದೇಶಗಳು ತಮ್ಮೊಳಗಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. 1995ರ ಮಾರ್ಚ್ 26ರಿಂದ ಏಳು ದೇಶಗಳಲ್ಲಿ ಜಾರಿಗೆ ಬಂತು. ಒಳಗೆ ಗೋಡೆ ತೆಗೆದವರು ಹೊರಗಿನ ಕಾಂಪೌಂಡು ಎತ್ತರ ಮಾಡುವುದು ಸಹಜ, ನಮ್ಮ ಸೊಸೈಟಿಗಳ ಹಾಗೆ. ಒಂದೇ ವೀಸಾ, ಆದರೆ 90 ದಿನದ ಲೆಕ್ಕವೂ ಎಲ್ಲ ದೇಶಕ್ಕೂ ಸೇರಿ ಒಂದೇ. ಫ್ರಾನ್ಸಿಗೆ ಹೋಗಿ ಬಂದರೆ ಹೊಸ ಎಣಿಕೆ ಶುರುವಾಗುತ್ತದೆ ಎಂದುಕೊಂಡು ಮೋಸ ಹೋಗಬೇಡಿ. ಪಾಸ್‌ಪೋರ್ಟು ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಿರಬೇಕು, ಆ ಪ್ರದೇಶ ಬಿಡುವ ದಿನದ ನಂತರ ಮೂರು ತಿಂಗಳು ಊರ್ಜಿತವಿರಬೇಕು, ಎರಡು ಪುಟ ಖಾಲಿ ಇರಬೇಕು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. ಅರ್ಜಿಯನ್ನು ಆರು ತಿಂಗಳ ಮೊದಲಿಂದ ಹದಿನೈದು ದಿನ ಮೊದಲಿನವರೆಗೆ ಕೊಡಬಹುದು. ಬೇಸಿಗೆಗೆ ಹೋಗುವವರು ಆ ಹದಿನೈದು ದಿನವನ್ನು ನಂಬಿ ಕೂರಬಾರದು.

ಬ್ಯಾಂಕಿನವನಾಗಿ ಒಂದು ಕಿವಿಮಾತು. ಅರ್ಜಿಗೆ ನಾಲ್ಕು ದಿನ ಮೊದಲು ಭಾವಮೈದುನನಿಂದ ಐದು ಲಕ್ಷ ತಂದು ಖಾತೆಗೆ ಹಾಕಿ ಸ್ಟೇಟ್‌ಮೆಂಟಿಗೆ ಸೀಲ್ ಕೇಳಲು ಬರುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಸ್ಟೇಟ್‌ಮೆಂಟ್ ಓದುವವನು ಕೊನೆಯ ಸಾಲನ್ನು ಮಾತ್ರ ನೋಡುವುದಿಲ್ಲ ಸ್ವಾಮಿ. ಪ್ರತಿ ತಿಂಗಳೂ ಬರುವ ಸಣ್ಣ ಪಿಂಚಣಿ ಆ ದಿಢೀರ್ ಐದು ಲಕ್ಷಕ್ಕಿಂತ ಹೆಚ್ಚು ಮಾತಾಡುತ್ತದೆ. ಹಾಗೆಯೇ ಸುಳ್ಳು ಹೋಟೆಲ್ ಬುಕಿಂಗ್ ಮಾಡಿಕೊಡುವ ಏಜೆಂಟರ ಸಹವಾಸ ಬೇಡ. ರದ್ದು ಮಾಡಿದರೆ ದುಡ್ಡು ವಾಪಸು ಬರುವ ನಿಜವಾದ ಕೋಣೆ ಹುಡುಕಿದರೆ ಸಿಗುತ್ತದೆ.

ನಮ್ಮ ಯೋಜನೆ ಕೊನೆಗೆ ಹೀಗೆ ನಿಂತಿತು. 84 ದಿನ. ಆರು ದಿನ ಕೈಯಲ್ಲಿ ಉಳಿಸಿಕೊಂಡದ್ದು ವಿಮಾನ ತಪ್ಪಿದರೆ, ಕಾಲು ಉಳುಕಿದರೆ ಇರಲಿ ಎಂದು. ಬಹುಪಾಲು ಮಗಳ ಮನೆ, ನಡುವೆ ಹತ್ತು ದಿನ ತಿರುಗಾಟ. ಷೆಂಗೆನ್ ಹಳ್ಳಿಯನ್ನೂ ನೋಡಬೇಕು ಅಂತ ನನ್ನ ಹಟ, ಅಲ್ಲಿ ನೋಡುವಂಥದ್ದು ಏನಿದೆ ಅಂತ ಮನೆಯವಳ ಪ್ರಶ್ನೆ. ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಿಂದ ವಿಮಾನಗಳು ಹಾರತೊಡಗಿವೆ. ಶುರುವಾದದ್ದು ದೇಶದೊಳಗಿನವು, ಹಾಗಾಗಿ ನಮ್ಮ ಟಿಕೆಟನ್ನು ಸಹಾರದಿಂದಲೇ ನೋಡುತ್ತಿದ್ದೇವೆ.

ಇನ್ನೊಂದು ವಿಷಯ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುಖದ ಚಿತ್ರ, ಬೆರಳಚ್ಚು ತೆಗೆದುಕೊಂಡು ಬಂದದ್ದು ಹೋದದ್ದನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಶುರುವಾಗಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಪದ್ಧತಿಯ ಬದಲಿಗೆ ಬಂದದ್ದು ಅದು. ಅಂದರೆ ಹೋಗಿ ಬಂದರೂ ಪುಟ ಖಾಲಿ. ಇದನ್ನು ಓದಿದ ದಿನ ಮೇಷ್ಟ್ರು ಬಹಳ ನೆನಪಾದರು. ಅವರು ಈಗಿಲ್ಲ.

ಮಗಳ ಮನೆಯಲ್ಲಿ ಉಳಿಯುವವರಿಗೆ ಹೋಟೆಲ್ ಕಾಗದ ಬೇಡ. ಆದರೆ ನೆದರ್ಲೆಂಡಿನಲ್ಲಿ ಅದಕ್ಕೊಂದು ಫಾರಂ ಇದೆ. ಇಂಥವರು ನನ್ನ ಮನೆಯಲ್ಲಿ ಇರುತ್ತಾರೆ ಅಂತ ಬರೆದು, ಮಗಳು ತಾನಿರುವ ಊರಿನ ಪುರಸಭೆಗೆ ಹೋಗಿ ಅಲ್ಲಿಯ ಸಿಬ್ಬಂದಿಯ ಎದುರು ತನ್ನ ಸಹಿಯನ್ನು ದೃಢೀಕರಿಸಿಕೊಳ್ಳಬೇಕು. ಅಂದರೆ ಅವಳೂ ಒಂದು ಕೌಂಟರಿನ ಮುಂದೆ ನಿಲ್ಲಬೇಕು. ಬಾಡಿಗೆ ಕರಾರಿದೆಯೇ, ವಿಳಾಸ ನೋಂದಣಿಯಾಗಿದೆಯೇ, ಎಲ್ಲ ಕಾಗದ ಎರಡೆರಡು ಪ್ರತಿ ತೆಗೆದುಕೊಂಡು ಹೋಗು, ಬೇಗ ಹೋಗು ಎಂದು ನಾನು ಎರಡು ದಿನ ಫೋನಿನಲ್ಲಿ ಅವಳ ತಲೆ ತಿಂದೆ.

ಮೊನ್ನೆ ಗುರುವಾರ ಫೋನ್ ಮಾಡಿದಳು. "ಆಯ್ತು ಅಪ್ಪ."

"ಏನು ಕೇಳಿದರು? ಎಷ್ಟು ಹೊತ್ತಾಯಿತು?"

"ಏನೂ ಕೇಳಲಿಲ್ಲ. ಹತ್ತು ನಿಮಿಷ."